ಫಿಲಿಪ್ಪಿ: ಪದವಿಗಳ ಪಟ್ಟಣದಲ್ಲಿ ತಗ್ಗಿ ನಡೆದ ಸಭೆ

ಫಿಲಿಪ್ಪಿ ಈಗ ಹಾಳೂರು. ಗ್ರೀಸ್ ದೇಶದ ಈಶಾನ್ಯದಲ್ಲಿ, ಕವಾಲಾ ಬಂದರಿನಿಂದ ಸುಮಾರು 15 ಕಿಲೋಮೀಟರ್ ಒಳಗೆ, ಗುಡ್ಡದ ಬುಡದಿಂದ ಬಯಲಿನವರೆಗೆ ಅದರ ಕಲ್ಲುಗಳು ಚದುರಿವೆ. ಥಾಸೋಸ್ ದ್ವೀಪದ ಜನ ಕ್ರಿ.ಪೂ. 360ರ ಸುಮಾರಿಗೆ ಇಲ್ಲಿ ನೆಲೆಯೂರಿದಾಗ ಊರಿಗೆ ಕ್ರೆನಿದೆಸ್ ಎಂದು ಹೆಸರಿಟ್ಟರು. ಬುಗ್ಗೆಗಳು ಎಂದು ಅದರ ಅರ್ಥ. ನೀರಿತ್ತು, ನೆಲವೂ ಫಲವತ್ತಾಗಿತ್ತು. ಆದರೆ ದ್ವೀಪದವರನ್ನು ಸೆಳೆದದ್ದು ಸುತ್ತಲ ಬೆಟ್ಟಗಳ ಚಿನ್ನ. ಕೆಲವೇ ವರ್ಷಗಳಲ್ಲಿ ಥ್ರೇಸಿನವರ ಕಾಟ ತಾಳಲಾರದೆ ಅವರು ಮಕೆದೋನ್ಯದ ಅರಸ ಎರಡನೆಯ ಫಿಲಿಪ್ಪನ ನೆರವು ಬೇಡಿದರು. ನೆರವಿಗೆ ಬಂದವನು ಊರನ್ನೇ ತನ್ನದಾಗಿಸಿಕೊಂಡು, ಕ್ರಿ.ಪೂ. 356ರಲ್ಲಿ ಅದಕ್ಕೆ ತನ್ನ ಹೆಸರನ್ನಿಟ್ಟ. ಇಲ್ಲಿನ ಗಣಿಗಳಿಂದ ಅವನಿಗೆ ವರ್ಷಕ್ಕೆ ಸಾವಿರ ತಲಾಂತಿಗಿಂತ ಹೆಚ್ಚು ಆದಾಯ ಬರುತ್ತಿತ್ತೆಂದು ಇತಿಹಾಸಕಾರ ಡಿಯೊಡೊರಸ್ ಬರೆದಿದ್ದಾನೆ. ಫಿಲಿಪ್ಪನ ಮಗ ಅಲೆಕ್ಸಾಂಡರ್ ಪೂರ್ವಕ್ಕೆ ಹೊರಟಾಗ ಅವನಿಗೆ ಸಿಕ್ಕ ಸೈನ್ಯವನ್ನು ಕಟ್ಟಿದ್ದರಲ್ಲಿ ಈ ಚಿನ್ನದ ಪಾಲೂ ಇತ್ತು.

ಕ್ರಿ.ಪೂ. 168ರಲ್ಲಿ ಪಿಡ್ನಾ ಕಾಳಗದಲ್ಲಿ ಮಕೆದೋನ್ಯ ರೋಮಿಗೆ ಸೋತಿತು. ಮುಂದಿನ ದಶಕಗಳಲ್ಲಿ ರೋಮನ್ನರು ಏಡ್ರಿಯಾಟಿಕ್ ಕಡಲಿನಿಂದ ಪೂರ್ವಕ್ಕೆ ಕಲ್ಲುಹಾಸಿನ ಹೆದ್ದಾರಿಯನ್ನು ಹಾಕಿದರು. ವಿಯಾ ಎಗ್ನಾಟಿಯಾ ಎಂಬ ಆ ದಾರಿ ಫಿಲಿಪ್ಪಿಯ ನಡುವೆಯೇ ಹಾದುಹೋಗುತ್ತದೆ. ಬಂಡಿಗಾಲಿ ಸವೆಸಿದ ಗೀರುಗಳು ಅದರ ಚಪ್ಪಡಿಗಳ ಮೇಲೆ ಇಂದಿಗೂ ಕಾಣುತ್ತವೆ. ಊರಿನ ಹಣೆಬರಹವನ್ನು ಬದಲಿಸಿದ್ದು ಮಾತ್ರ ಕ್ರಿ.ಪೂ. 42ರ ಅಕ್ಟೋಬರ್ ತಿಂಗಳು. ಜೂಲಿಯಸ್ ಸೀಸರನನ್ನು ಕೊಂದ ಬ್ರೂಟಸ್ ಮತ್ತು ಕ್ಯಾಸಿಯಸ್ ಒಂದು ಕಡೆ, ಸೇಡಿಗೆ ಬಂದ ಆಂಟೊನಿ ಮತ್ತು ಒಕ್ಟೇವಿಯನ್ ಇನ್ನೊಂದು ಕಡೆ. ಪಟ್ಟಣದ ಪಶ್ಚಿಮದ ಬಯಲಿನಲ್ಲಿ ಎರಡು ಬಾರಿ ಕಾಳಗ ನಡೆಯಿತು. ಮೊದಲನೆಯದರ ಬಳಿಕ ಕ್ಯಾಸಿಯಸ್, ಎರಡನೆಯದರ ಬಳಿಕ ಬ್ರೂಟಸ್ ಪ್ರಾಣ ಕಳೆದುಕೊಂಡರು. ಗೆದ್ದವರು ದಂಡಿನಿಂದ ಬಿಡುಗಡೆಯಾದ ಸಿಪಾಯಿಗಳಿಗೆ ಇಲ್ಲಿನ ಹೊಲಗಳನ್ನು ಹಂಚಿ, ಪಟ್ಟಣವನ್ನು ರೋಮಿನ ವಸಾಹತು ಮಾಡಿದರು. ಕ್ರಿ.ಪೂ. 31ರಲ್ಲಿ ಆಕ್ಟಿಯಂ ಕಾಳಗದಲ್ಲಿ ಒಕ್ಟೇವಿಯನ್ ಆಂಟೊನಿಯನ್ನೂ ಸೋಲಿಸಿದ ಮೇಲೆ ಇಟಲಿಯಿಂದ ಮತ್ತೊಂದು ತಂಡ ಬಂದಿಳಿಯಿತು. ತಲೆಮಾರುಗಳಿಂದ ಆ ಮಣ್ಣನ್ನು ಉತ್ತಿದ್ದ ಥ್ರೇಸಿನವರೂ ಗ್ರೀಕರೂ ತಮ್ಮದೇ ಊರಿನಲ್ಲಿ ಎರಡನೆಯ ಸಾಲಿಗೆ ಸರಿದರು.

ಹೀಗೆ ಹುಟ್ಟಿದ ಪಟ್ಟಣ ತನ್ನನ್ನು ರೋಮಿನ ಒಂದು ತುಂಡೆಂದೇ ಎಣಿಸಿಕೊಂಡಿತ್ತು. ಇಟಲಿಯ ನೆಲಕ್ಕಿದ್ದ ಹಕ್ಕು ಇಲ್ಲಿನ ನೆಲಕ್ಕೂ ಇದ್ದುದರಿಂದ ಪೌರರಿಗೆ ಭೂಕಂದಾಯವಿರಲಿಲ್ಲ. ಗ್ರೀಕ್ ನಾಡಿನ ನಡುವೆ ಇದ್ದರೂ ಆ ಕಾಲದ ಶಾಸನಗಳಲ್ಲಿ ಬಹುಪಾಲು ಲ್ಯಾಟಿನ್ ಭಾಷೆಯವು. ಆಡಳಿತ ನಡೆಸುತ್ತಿದ್ದವರು ಇಬ್ಬರು ಅಧಿಪತಿಗಳು. ಅವರು ಬೀದಿಗಿಳಿದರೆ ಮುಂದೆ ಬೆತ್ತದ ಕಟ್ಟು ಹೊತ್ತ ಆಳುಗಳು ನಡೆಯುತ್ತಿದ್ದರು. ಯಾರು ಯಾವ ಹುದ್ದೆ ಏರಿದರು, ಅದಕ್ಕೂ ಮೊದಲು ಯಾವ ಹುದ್ದೆಯಲ್ಲಿದ್ದರು, ದಂಡಿನಲ್ಲಿ ಯಾವ ಬಿರುದು ಪಡೆದರು ಎಂಬುದನ್ನು ಕ್ರಮವಾಗಿ, ಒಂದನ್ನೂ ಬಿಡದೆ ಕಲ್ಲಿಗೆ ಕೆತ್ತಿಸುವುದು ಇಲ್ಲಿನ ರೂಢಿ. ರೋಮನ್ ಜಗತ್ತಿನಲ್ಲೆಲ್ಲ ಈ ಚಪಲವಿತ್ತು. ಫಿಲಿಪ್ಪಿಯಲ್ಲಿ ಅದು ಎದ್ದು ಕಾಣುವಷ್ಟಿತ್ತು.

ಅದು ಸಿರಿವಂತರಿಗೆ ಮಾತ್ರ ಸೇರಿದ ಚಟವಾಗಿರಲಿಲ್ಲ ಎಂಬುದಕ್ಕೆ ಊರ ಮೇಲಿನ ಗುಡ್ಡವೇ ಸಾಕ್ಷಿ. ಅಲ್ಲಿ ಕಲ್ಲು ತೆಗೆದ ಬಂಡೆಯ ಮೇಲೆ, ಕಾಡಿನ ದೇವರು ಸಿಲ್ವಾನಸನನ್ನು ಪೂಜಿಸುತ್ತಿದ್ದ ಸಂಘವೊಂದು ತನ್ನ ಸದಸ್ಯರ ಹೆಸರುಗಳನ್ನು ಕೆತ್ತಿಸಿದೆ. ಅವರಲ್ಲಿ ಹೆಚ್ಚಿನವರು ಸಾಮಾನ್ಯರು. ಬಿಡುಗಡೆ ಪಡೆದ ಗುಲಾಮರೂ ಇದ್ದಾರೆ. ಗುಡಿಗೆ ಒಬ್ಬ 400 ಹೆಂಚು ಕೊಟ್ಟ, ಇನ್ನೊಬ್ಬ 50 ದಿನಾರಿ ಕೊಟ್ಟ, ಮತ್ತೊಬ್ಬ ಕಂಚಿನ ವಿಗ್ರಹ ಮಾಡಿಸಿಕೊಟ್ಟ ಎಂದು ಲೆಕ್ಕ ಒಪ್ಪಿಸಲಾಗಿದೆ. ಬಂಡೆಯನ್ನು ನಯ ಮಾಡಿಸಿ ಹೆಸರು ಕೆತ್ತಿಸಿದವನು ಆ ಉಪಕಾರವನ್ನೂ ತನ್ನ ಹೆಸರಿನೊಡನೆ ಕೆತ್ತಿಸಿಕೊಂಡಿದ್ದಾನೆ. ಪಟ್ಟಣದ ಆಡಳಿತದಲ್ಲಿ ಎಂದೂ ಹುದ್ದೆ ಸಿಗದವರು ತಮ್ಮ ಚಿಕ್ಕ ಸಂಘದೊಳಗೇ ಪಟ್ಟಣದ ಹುದ್ದೆಗಳ ಹೆಸರಿಟ್ಟುಕೊಂಡು ಏರುತ್ತಿದ್ದರು.

ಇದೇ ಹೆದ್ದಾರಿಯಲ್ಲಿ ಪಶ್ಚಿಮಕ್ಕಿರುವ ಅಂಫಿಪೊಲಿಯಲ್ಲಿ ಸಿಕ್ಕ ಗೋರಿಕಲ್ಲೊಂದು ಇನ್ನೂ ಕಠಿಣವಾದ ಸಾಕ್ಷಿ. ಅದು ಔಲಸ್ ಕಾಪ್ರೆಲಿಯಸ್ ತಿಮೊಥೆಯೊಸ್ ಎಂಬವನದು. ಅವನು ಗುಲಾಮನಾಗಿದ್ದು ಬಿಡುಗಡೆಯಾದವನು. ಆಮೇಲೆ ಹಿಡಿದ ಕಸುಬು ಮನುಷ್ಯರ ವ್ಯಾಪಾರ. ಕಲ್ಲಿನ ಮೇಲೆ, ಕೊರಳಿಗೆ ಸರಪಳಿ ಬಿಗಿದು ಸಾಲಾಗಿ ನಡೆಸಿಕೊಂಡು ಹೋಗುವ ಗುಲಾಮರ ಚಿತ್ರವಿದೆ. ಮುಚ್ಚಿಡಬೇಕಾದ ಸಂಗತಿಯೆಂದು ಅವನಿಗಾಗಲಿ, ದಾರಿಹೋಕರಿಗಾಗಲಿ ಅನಿಸಿರಲಿಕ್ಕಿಲ್ಲ. ತಾನು ಕುಳಿತ ಮೆಟ್ಟಿಲಿನಿಂದ ಎದ್ದು, ಅದೇ ಮೆಟ್ಟಿಲಿನಲ್ಲಿ ಇನ್ನೊಬ್ಬನನ್ನು ಕೂರಿಸುವುದೇ ಬದುಕಿನ ಗೆಲುವು ಎಂದು ನಂಬಿದ ಸಮಾಜ ಅದು. ಅದರ ಕೇಡನ್ನು ಕುಡಿತ, ಜೂಜು, ವ್ಯಭಿಚಾರಗಳಲ್ಲಿ ಮಾತ್ರ ಹುಡುಕಿದರೆ ಸಾಲದು. ಕೇಡು ಕಾನೂನಿನೊಳಗೇ, ಮರ್ಯಾದೆಯೊಳಗೇ ಸೇರಿಹೋಗಿತ್ತು.

ಕ್ರಿಸ್ತನ ಸುವಾರ್ತೆ ಸಾರುತ್ತಿದ್ದ ಪೌಲ ಈ ಊರಿಗೆ ಬಂದದ್ದು ಕ್ರಿ.ಶ. 49 ಅಥವಾ 50ರಲ್ಲಿ. ಬೈಬಲಿನ ಅಪೊಸ್ತಲರ ಕೃತ್ಯಗಳು ಗ್ರಂಥದ 16ನೆಯ ಅಧ್ಯಾಯದ ಪ್ರಕಾರ, ತ್ರೋವ ಬಂದರಿನಲ್ಲಿದ್ದಾಗ ಅವನಿಗೆ ರಾತ್ರಿ ಒಂದು ದರ್ಶನವಾಯಿತು. ಮಕೆದೋನ್ಯದವನೊಬ್ಬ ನಿಂತು ನೆರವಿಗೆ ಕರೆಯುತ್ತಿದ್ದ. ಪೌಲ, ಸೀಲ ಮತ್ತು ಜೊತೆಗಾರರು ಸಮೊಥ್ರಾಕೆ ದ್ವೀಪದ ಮೇಲೆ ಹಾದು, ನೆಯಾಪೊಲಿಯಲ್ಲಿ ಇಳಿದು, ಬೆಟ್ಟ ಹತ್ತಿಳಿದು ಫಿಲಿಪ್ಪಿಗೆ ನಡೆದರು. ಆ ನೆಯಾಪೊಲಿಯೇ ಈಗಿನ ಕವಾಲಾ. ಯೆಹೂದ್ಯರ ಪ್ರಾರ್ಥನೆಯ ಸ್ಥಳ ಊರಬಾಗಿಲಿನ ಹೊರಗೆ ನದಿಯ ದಂಡೆಯಲ್ಲಿತ್ತು. ಸಬ್ಬತ್ ದಿನ ಅಲ್ಲಿ ಸೇರಿದ್ದವರು ಹೆಂಗಸರು. ಯೂರೋಪಿನ ನೆಲದಲ್ಲಿ ಪೌಲನ ಮೊದಲ ಸಭೆ ರೂಪುಗೊಂಡದ್ದು ಊರ ಹೊರಗೆ, ಹೊಳೆಯ ದಡದಲ್ಲಿ, ಹೆಂಗಸರ ನಡುವೆ.

ಅವರಲ್ಲಿ ಲುದ್ಯಳ ಹೆಸರು ಉಳಿದುಬಂದಿದೆ. ಅವಳು ಏಷ್ಯಾ ಮೈನರಿನ ಥುವತೈರದವಳು; ಕೆನ್ನೇರಿಳೆ ಬಣ್ಣದ ಬಟ್ಟೆಯ ವ್ಯಾಪಾರ ಅವಳದು. ಯೆಹೂದ್ಯಳಲ್ಲದಿದ್ದರೂ ಯೆಹೂದ್ಯರ ದೇವರನ್ನು ಆರಾಧಿಸುತ್ತಿದ್ದಳು. ರೋಮನ್ನರ ಅಂಗಿಯಂಚಿನ ಕೆನ್ನೇರಿಳೆ ಪಟ್ಟಿ ಅಂತಸ್ತಿನ ಗುರುತು. ಆ ಬಣ್ಣದ ವ್ಯಾಪಾರಿಯ ಮನೆಯೇ ಅಂತಸ್ತಿನ ಲೆಕ್ಕ ಬಿಟ್ಟವರ ಮೊದಲ ಕೂಟದ ಮನೆಯಾಯಿತು. ಅವಳೂ ಅವಳ ಮನೆಯವರೂ ದೀಕ್ಷಾಸ್ನಾನ ಪಡೆದರು. ಬಂದವರು ತನ್ನ ಮನೆಯಲ್ಲೇ ಇಳಿದುಕೊಳ್ಳಬೇಕೆಂದು ಅವಳು ಪಟ್ಟು ಹಿಡಿದಳು.

ಮುಂದಿನ ಘಟನೆ ಊರಿನ ಒಳಮುಖವನ್ನು ತೋರಿಸುತ್ತದೆ. ಕಣಿ ಹೇಳುವ ಆವೇಶವಿದ್ದ ಗುಲಾಮ ಹುಡುಗಿಯೊಬ್ಬಳಿದ್ದಳು. ಅವಳ ಬಾಯಿಂದ ಬೀಳುವ ಮಾತಿನಿಂದ ಅವಳ ಒಡೆಯರು ಹಣ ಮಾಡುತ್ತಿದ್ದರು. ಒಬ್ಬನಲ್ಲ, ಹಲವರು ಪಾಲುದಾರರು. ಪೌಲ ಆ ಆವೇಶವನ್ನು ಬಿಡಿಸಿದ. ಹುಡುಗಿಗೆ ಗುಣವಾಯಿತು, ಒಡೆಯರ ಸಂಪಾದನೆ ನಿಂತಿತು. ಅವರು ಪೌಲನನ್ನೂ ಸೀಲನನ್ನೂ ಎಳೆದುಕೊಂಡು ಪೇಟೆಚೌಕದ ಅಧಿಪತಿಗಳ ಮುಂದೆ ನಿಲ್ಲಿಸಿದರು. ಅಲ್ಲಿ ಹಣದ ಮಾತನ್ನೇ ಎತ್ತಲಿಲ್ಲ. ಇವರು ಯೆಹೂದ್ಯರು, ರೋಮನ್ನರಾದ ನಮಗೆ ಒಗ್ಗದ ಆಚಾರಗಳನ್ನು ಹಬ್ಬಿಸುತ್ತಿದ್ದಾರೆ ಎಂಬುದು ದೂರು. ಜೇಬಿಗೆ ಬಿದ್ದ ಪೆಟ್ಟನ್ನು ಜಾತ್ಯಭಿಮಾನದ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಗುಂಪು ಅದನ್ನು ನಂಬಿತು. ವಿಚಾರಣೆಯಿಲ್ಲದೆ ಇಬ್ಬರ ಬಟ್ಟೆ ಕಿತ್ತು, ಬೆತ್ತದಿಂದ ಬಡಿದು, ಒಳಸೆರೆಯಲ್ಲಿ ಕಾಲುಗಳನ್ನು ಕೋಳದಲ್ಲಿ ಸಿಕ್ಕಿಸಿದರು.

ಆ ರಾತ್ರಿ ಭೂಕಂಪವಾಗಿ ಬಾಗಿಲುಗಳು ತೆರೆದುಕೊಂಡವು. ಕೈದಿಗಳು ಓಡಿಹೋದರೆಂದು ತಿಳಿದು ಕತ್ತಿಯಿಂದ ಇರಿದುಕೊಳ್ಳಲಿದ್ದ ಸೆರೆಮನೆಯ ಅಧಿಕಾರಿಯನ್ನು ಪೌಲ ತಡೆದ. ಅದೇ ಹೊತ್ತಿನಲ್ಲಿ ಆ ಅಧಿಕಾರಿ ಅವರ ಬಾಸುಂಡೆಗಳನ್ನು ತೊಳೆದು, ಮನೆಯವರೊಡನೆ ದೀಕ್ಷಾಸ್ನಾನ ಪಡೆದು, ಊಟಕ್ಕಿಟ್ಟ. ಬೆಳಗಾದ ಮೇಲೆ ಪೌಲ ಬಾಯಿಬಿಟ್ಟ ಮಾತು ಅಧಿಪತಿಗಳ ಎದೆ ನಡುಗಿಸಿತು: ತಾನೂ ಸೀಲನೂ ರೋಮಿನ ಪೌರರು. ಪೌರನನ್ನು ವಿಚಾರಣೆಯಿಲ್ಲದೆ ಹೊಡೆಯುವುದು ಕಾನೂನಿಗೆ ವಿರುದ್ಧ. ಅವರು ತಾವೇ ಬಂದು ಸಮಾಧಾನ ಹೇಳಿ, ಊರು ಬಿಟ್ಟು ಹೋಗುವಂತೆ ಕೇಳಿಕೊಂಡರು. ಬೆತ್ತ ಬೀಸುವ ಮೊದಲೇ ಪೌಲ ಆ ಹಕ್ಕನ್ನು ಏಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಗ್ರಂಥ ಉತ್ತರ ಕೊಡುವುದಿಲ್ಲ. ಆದರೆ ಹಿಂದೆ ಉಳಿಯಲಿದ್ದವರಲ್ಲಿ ಅನೇಕರಿಗೆ ಅಂಥ ರಕ್ಷೆ ಇರಲಿಲ್ಲ. ಪೌರತ್ವದ ಹಕ್ಕನ್ನು ಬಿಚ್ಚಿ ತೋರಿಸಿ ತಪ್ಪಿಸಿಕೊಂಡವನು ಅವರಿಗೆ ತಾಳಿಕೊಳ್ಳಿ ಎಂದು ಹೇಳುವುದು ಕಷ್ಟವಾಗುತ್ತಿತ್ತು. ಊರಿನಲ್ಲಿ ತಾನು ಪಟ್ಟ ಅವಮಾನವನ್ನು ಪೌಲ ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದಲ್ಲೂ ನೆನೆಯುತ್ತಾನೆ.

ಹೊರಗಿನಿಂದ ಬಂದು ಬಟ್ಟೆ ಮಾರುವ ಹೆಂಗಸು, ಸರ್ಕಾರಿ ಸಂಬಳದ ಸೆರೆಮನೆ ಅಧಿಕಾರಿ, ಅವರವರ ಮನೆಯ ಆಳುಕಾಳು: ಹೀಗೆ ಒಂದೇ ಹಂತಿಯಲ್ಲಿ ಕೂರದವರು ಒಂದಾದರು. ಗ್ರೀಕಿನಲ್ಲಿ ಅವರ ಕೂಟಕ್ಕೆ ಎಕ್ಲೇಸಿಯ ಎಂಬ ಹೆಸರು. ಅದು ಗ್ರೀಕ್ ಪಟ್ಟಣಗಳಲ್ಲಿ ಪೌರರ ಸಭೆಗೆ ಇದ್ದ ಪದ. ಹೆಂಗಸರಿಗೂ ಗುಲಾಮರಿಗೂ ಅಲ್ಲಿ ಜಾಗವಿರಲಿಲ್ಲ. ಕನ್ನಡ ಬೈಬಲಿನಲ್ಲಿ ಅದನ್ನು ಸಭೆ ಎಂದೇ ಕರೆದಿರುವುದು ಬಹಳ ಸರಿಯಾದ ಆಯ್ಕೆ. ಕಟ್ಟಡವನ್ನು ನೆನಪಿಸುವ ಚರ್ಚು ಎಂಬ ಮಾತಿಗಿಂತ, ಸೇರಿ ಕುಳಿತ ಜನರನ್ನು ಕಣ್ಣಿಗೆ ತರುವ ಈ ಮಾತು ಮೂಲಕ್ಕೆ ಹತ್ತಿರವಾದದ್ದು.

ಈ ಸಭೆ ಬಡವರದು. ಮಕೆದೋನ್ಯದ ಸಭೆಗಳು ಕಡುಬಡತನದಲ್ಲಿದ್ದೂ ಜೆರೂಸಲೇಮಿನ ಬಡವರಿಗಾಗಿ ಶಕ್ತಿಮೀರಿ ಕೊಟ್ಟವು ಎಂದು ಪೌಲ ಕೊರಿಂಥದವರಿಗೆ ಬರೆದಿದ್ದಾನೆ. ಅವನು ಫಿಲಿಪ್ಪಿ ಬಿಟ್ಟು ಥೆಸಲೊನೀಕದಲ್ಲಿದ್ದಾಗಲೂ ಇವರು ಒಂದಕ್ಕಿಂತ ಹೆಚ್ಚು ಸಲ ಹಣ ಕಳಿಸಿದ್ದರು. ಬೇರೆಡೆ ತನ್ನ ಕೈಗಳಿಂದಲೇ ದುಡಿದು ಉಂಡ ಪೌಲ ಇವರ ಕಾಣಿಕೆಯನ್ನು ಸ್ವೀಕರಿಸಿದ. ಕೊಟ್ಟವನು ದೊಡ್ಡವನು, ಪಡೆದವನು ಋಣಿ ಎಂಬುದು ರೋಮನ್ ಲೋಕದ ಕೊಡುಕೊಳ್ಳುವಿಕೆಯ ನಿಯಮ. ಆ ಋಣದ ಕುಣಿಕೆಯಿಲ್ಲದೆ ಕೊಡಬಲ್ಲವರು ಇವರೆಂಬ ನಂಬಿಕೆ ಅವನಿಗಿದ್ದಿರಬೇಕು.

ಕೆಲವು ವರ್ಷಗಳ ಮೇಲೆ ಪೌಲ ಮತ್ತೆ ಸೆರೆಯಲ್ಲಿದ್ದಾಗ ಫಿಲಿಪ್ಪಿಯವರು ಎಪಫ್ರೊದೀತ ಎಂಬವನ ಕೈಯಲ್ಲಿ ಕಾಣಿಕೆ ಕಳಿಸಿದರು. ಸೆರೆ ಎಲ್ಲಿಯದು ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ರೋಮ್ ಆದರೆ ಕಾಲ ಕ್ರಿ.ಶ. 60ರಿಂದ 62, ಎಫೆಸ ಆದರೆ ಆರೇಳು ವರ್ಷ ಹಿಂದೆ, ಕೈಸರೈಯ ಎನ್ನುವವರೂ ಇದ್ದಾರೆ. ಆ ಕಾಲದ ಸೆರೆಮನೆ ಕೈದಿಗೆ ಸರಿಯಾಗಿ ಊಟ ಕೊಡುತ್ತಿರಲಿಲ್ಲ. ಹೊರಗಿನವರು ತಂದುಕೊಟ್ಟರೆ ಉಂಟು. ಎಪಫ್ರೊದೀತ ಕಾಣಿಕೆ ತಲುಪಿಸಿ, ಪೌಲನ ಊಳಿಗಕ್ಕೆ ನಿಂತು, ಕಾಯಿಲೆ ಬಿದ್ದು ಸಾವಿನ ಅಂಚಿಗೆ ಹೋಗಿ ಬಂದ. ತನ್ನ ಕಾಯಿಲೆಯ ಸುದ್ದಿ ಊರಿಗೆ ಮುಟ್ಟಿತೆಂದು ಅವನು ಕಳವಳಪಟ್ಟ. ತನಗೆ ರೋಗ ಬಂದುದಕ್ಕಿಂತ ತನ್ನಿಂದ ಇತರರಿಗೆ ಚಿಂತೆಯಾಯಿತಲ್ಲ ಎಂಬುದು ಅವನ ಸಂಕಟ. ಪೌಲ ಅವನನ್ನು ಊರಿಗೆ ಮರಳಿ ಕಳಿಸುವಾಗ ಕೈಯಲ್ಲಿ ಕೊಟ್ಟ ಕಾಗದವೇ ಫಿಲಿಪ್ಪಿಯವರಿಗೆ ಬರೆದ ಪತ್ರ. ಕ್ರಿ.ಶ. 200ರ ಸುಮಾರಿನ ಪಪೈರಸ್ ಪ್ರತಿಯೊಂದರಲ್ಲಿ ಅದು ಸಿಕ್ಕಿದೆ. ನಾಲ್ಕೇ ಅಧ್ಯಾಯಗಳ ಚಿಕ್ಕ ಪತ್ರ. ಪೌಲನ ಪತ್ರಗಳಲ್ಲೆಲ್ಲ ಅತಿ ಹೆಚ್ಚು ಅಕ್ಕರೆ ತುಂಬಿರುವುದೂ ಇದರಲ್ಲೇ.

ಪತ್ರದ ತಿರುಳು ಎರಡನೆಯ ಅಧ್ಯಾಯದಲ್ಲಿದೆ. ಒಂದೇ ಮನಸ್ಸಿನವರಾಗಿರಿ, ಪೈಪೋಟಿಯಿಂದಾಗಲಿ ಒಣಹೆಮ್ಮೆಯಿಂದಾಗಲಿ ಏನನ್ನೂ ಮಾಡಬೇಡಿ, ಇತರರನ್ನು ನಿಮಗಿಂತ ಮೇಲೆಂದು ಎಣಿಸಿ ಎಂಬುದು ಅದರ ಭಾವ. ಇಲ್ಲಿ ಪೌಲ ಬಳಸುವ ಗ್ರೀಕ್ ಪದ ತಪೈನೊಫ್ರೊಸುನೆ, ದೀನಮನಸ್ಸು. ತಗ್ಗಿ ನಡೆಯುವುದು ದೊಡ್ಡ ಗುಣ ಎಂದು ಕೇಳುತ್ತಾ ಬೆಳೆದ ಕನ್ನಡಿಗರಿಗೆ ಈ ಮಾತಿನ ಪೆಟ್ಟು ಸುಲಭವಾಗಿ ತಾಗಲಾರದು. ದಾಸ ಎಂಬುದು ಪುರಂದರರಿಗೆ, ಕನಕರಿಗೆ ಬಿರುದಾದ ನಾಡು ಇದು. ಫಿಲಿಪ್ಪಿಯಲ್ಲಿ ತಪೈನೊಸ್ ಎಂದರೆ ಕೀಳಾದವನು, ಬೆನ್ನು ಬಗ್ಗಿಸಿದವನು, ಸ್ವಂತ ಮಾತಿಲ್ಲದವನು. ಅದನ್ನು ಗುಣವೆಂದು ಹೊಗಳುವುದು ಅಲ್ಲಿನ ಸಾಮಾನ್ಯ ಕಿವಿಗೆ ವಿಚಿತ್ರ. ಪತ್ರದ ಮೊದಲ ಸಾಲಿನಲ್ಲೇ ಪೌಲ ತನ್ನನ್ನೂ ತಿಮೊಥೆಯನನ್ನೂ ಕ್ರಿಸ್ತನ ಗುಲಾಮರೆಂದು ಕರೆದುಕೊಳ್ಳುತ್ತಾನೆ. ಸಭೆಯ ಮೇಲ್ವಿಚಾರಕರನ್ನೂ ಸೇವಕರನ್ನೂ ಆಮೇಲೆ ಹೆಸರಿಸುತ್ತಾನೆ. ಸಂತೆಯಲ್ಲಿ ಮಾರಾಟವಾದವರೂ ಕುಳಿತು ಆ ಪತ್ರ ಕೇಳುತ್ತಿದ್ದಿರಬೇಕು. ಅವರಿಗೆ ಆ ಸಾಲು ಬಿರುದಿನಂತೆ ಕೇಳಿಸಿರಲಾರದು.

ಮುಂದೆ ಬರುವುದು ಕ್ರಿಸ್ತನ ಕುರಿತ ಪ್ರಸಿದ್ಧ ಭಾಗ. ಪೌಲನಿಗಿಂತ ಮೊದಲೇ ಸಭೆಗಳಲ್ಲಿ ಹಾಡಾಗಿ ಬಳಕೆಯಲ್ಲಿತ್ತೆಂದು ಹಲವು ವಿದ್ವಾಂಸರ ಅಭಿಪ್ರಾಯ. ದೇವಸ್ವರೂಪನಾಗಿದ್ದವನು ಆ ಸಮಾನತೆಯನ್ನು ಬಿಗಿಹಿಡಿಯದೆ, ತನ್ನನ್ನು ಬರಿದುಮಾಡಿಕೊಂಡು, ಗುಲಾಮನ ರೂಪ ತಾಳಿ, ಮನುಷ್ಯನಾಗಿ, ಸಾವಿನವರೆಗೆ, ಅದೂ ಶಿಲುಬೆಯ ಸಾವಿನವರೆಗೆ ತಗ್ಗಿಸಿಕೊಂಡ ಎಂಬುದು ಅದರ ಸಾರ. ಕಲ್ಲಿನ ಮೇಲಿನ ಹುದ್ದೆಗಳ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟರೆ ಪತ್ರದ ಧೈರ್ಯ ಕಾಣುತ್ತದೆ. ಅಲ್ಲಿ ಒಂದೊಂದೇ ಮೆಟ್ಟಿಲು ಮೇಲಕ್ಕೆ. ಇಲ್ಲಿ ಒಂದೊಂದೇ ಮೆಟ್ಟಿಲು ಕೆಳಕ್ಕೆ. ಅಲ್ಲಿ ಕೊನೆಯ ಸಾಲಿನಲ್ಲಿ ಅತಿದೊಡ್ಡ ಹುದ್ದೆ. ಇಲ್ಲಿ ಕೊನೆಯ ಸಾಲಿನಲ್ಲಿ ಶಿಲುಬೆ. ಶಿಲುಬೆ ರೋಮಿನಲ್ಲಿ ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಶಿಕ್ಷೆ; ಪೌರರ ಕಿವಿಗೆ ಆ ಪದವೇ ಬೀಳಬಾರದೆಂದು ವಾಗ್ಮಿ ಸಿಸೆರೊ ವಾದಿಸಿದ್ದ. ಅಷ್ಟು ಕೆಳಗಿಳಿದವನನ್ನೇ ದೇವರು ಎತ್ತರಕ್ಕೇರಿಸಿ, ಎಲ್ಲ ಹೆಸರುಗಳಿಗಿಂತ ಮೇಲಾದ ಹೆಸರನ್ನು ಕೊಟ್ಟನೆಂದು ಹಾಡು ಮುಗಿಯುತ್ತದೆ. ಒಡೆಯ ಎಂದು ಚಕ್ರವರ್ತಿಯನ್ನು ಕೊಂಡಾಡುತ್ತಿದ್ದ ಪಟ್ಟಣದಲ್ಲಿ ಆ ಮಾತನ್ನು ಶಿಲುಬೆಯಲ್ಲಿ ಸತ್ತವನಿಗೆ ಹೇಳುವುದು ಸಣ್ಣ ಸಂಗತಿಯಲ್ಲ.

ಮೂರನೆಯ ಅಧ್ಯಾಯದಲ್ಲಿ ಪೌಲ ತನ್ನದೇ ಪಟ್ಟಿ ಬಿಚ್ಚುತ್ತಾನೆ: ಎಂಟನೆಯ ದಿನ ಸುನ್ನತಿಯಾದವನು, ಇಸ್ರೇಲ್ ವಂಶದವನು, ಬೆನ್ಯಮೀನನ ಕುಲದವನು, ಧರ್ಮಶಾಸ್ತ್ರದಲ್ಲಿ ಫರಿಸಾಯನು. ಊರಿನ ಶಾಸನಗಳ ಧಾಟಿಯಲ್ಲೇ, ಹುಟ್ಟಿನಿಂದ ಪಡೆದದ್ದು ಮೊದಲು, ಸಾಧಿಸಿದ್ದು ಆಮೇಲೆ. ಓದುತ್ತಾ ಹೋದವರು ಮೆಚ್ಚಿ ತಲೆದೂಗುವ ಹೊತ್ತಿಗೆ, ಅದೆಲ್ಲ ಕ್ರಿಸ್ತನನ್ನು ಅರಿತ ಮೇಲೆ ತಿಪ್ಪೆಗೆ ಎಸೆಯುವ ಕಸವಾಯಿತೆಂದು ಒಂದೇ ಏಟಿಗೆ ಕೆಡವುತ್ತಾನೆ. ಇತರರಿಗೆ ಹೇಳಿದ್ದನ್ನು ತನ್ನ ಮೇಲೆ ಮೊದಲು ಪ್ರಯೋಗಿಸಿದ ಈ ಪ್ರಾಮಾಣಿಕತೆಯಿಂದಲೇ ಪತ್ರ ಬರಿಯ ಬೋಧನೆಯಾಗಿ ಉಳಿಯುವುದಿಲ್ಲ.

ಒಗ್ಗಟ್ಟಿನ ಮಾತು ಪತ್ರದುದ್ದಕ್ಕೂ ಮರಳಿ ಮರಳಿ ಬರಲು ಕಾರಣ ಕೊನೆಯ ಅಧ್ಯಾಯದಲ್ಲಿದೆ. ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರಲ್ಲಿ ಮನಸ್ತಾಪವಿತ್ತು. ಇಬ್ಬರೂ ಸುವಾರ್ತೆಗಾಗಿ ಪೌಲನ ಜೊತೆ ಹೆಗಲುಕೊಟ್ಟು ಹೋರಾಡಿದವರು, ಸಭೆಯಲ್ಲಿ ತೂಕವುಳ್ಳವರು. ಜಗಳ ಯಾವುದರ ಮೇಲೆ ಎಂದು ಪೌಲ ಬರೆಯುವುದಿಲ್ಲ. ಯಾರದು ತಪ್ಪು ಎಂದೂ ಹೇಳುವುದಿಲ್ಲ. ಬೇಡಿಕೊಳ್ಳುತ್ತೇನೆ ಎಂಬ ಕ್ರಿಯಾಪದವನ್ನು ಇಬ್ಬರಿಗೂ ಬೇರೆ ಬೇರೆಯಾಗಿ, ಎರಡು ಸಲ ಬಳಸುತ್ತಾನೆ. ತಕ್ಕಡಿ ಒಂದು ಕೂದಲೆಳೆಯಷ್ಟೂ ವಾಲದಂತೆ. ಆಮೇಲೆ, ಇಬ್ಬರಿಗೂ ನೆರವಾಗು ಎಂದು ಹತ್ತಿರದ ಒಬ್ಬ ಜೊತೆಗಾರನಿಗೆ ಒಪ್ಪಿಸುತ್ತಾನೆ. ಸಭೆಯೆಲ್ಲ ಕೂತು ಕೇಳುವ ಪತ್ರದಲ್ಲಿ ಹೆಸರು ಹಿಡಿದು ಹೇಳುವುದು ಗಂಭೀರ ಸಂಗತಿ. ಆದರೂ ಅದರಲ್ಲಿ ಅವಮಾನದ ಛಾಯೆಯಿಲ್ಲ. ಅವರ ಹೆಸರುಗಳು ಜೀವದ ಪುಸ್ತಕದಲ್ಲಿವೆ ಎಂದು ಪೌಲ ನೆನಪಿಸುತ್ತಾನೆ. ಹೆಸರನ್ನು ಕಲ್ಲಿಗೆ ಬರೆಸಲು ಹೆಣಗುತ್ತಿದ್ದ ಊರಿನಲ್ಲಿ ಅದು ತೂಕದ ಮಾತು.

ಒಗ್ಗಟ್ಟು ಸಭೆಯವರಿಗೆ ಹೊಟ್ಟೆಪಾಡಿನ ವಿಷಯವೂ ಆಗಿತ್ತು. ಅವರು ಪಡುತ್ತಿರುವ ಕಷ್ಟ ಪೌಲ ಪಟ್ಟಂಥದ್ದೇ ಎಂದು ಪತ್ರ ಹೇಳುತ್ತದೆ. ಊರ ದೇವರುಗಳ ಪೂಜೆಗೆ ಬಾರದ ಕಮ್ಮಾರನಿಗೆ ಗಿರಾಕಿ ತಪ್ಪಬಹುದು. ಒಡೆಯನ ದೇವರಿಗೆ ಕೈಮುಗಿಯದ ಗುಲಾಮನಿಗೆ ಪೆಟ್ಟು ಬೀಳಬಹುದು. ಸಾಲ ಕೊಡುವವನು ಮುಖ ತಿರುಗಿಸಬಹುದು. ಅಂಥ ಹೊತ್ತಿನಲ್ಲಿ, ಸ್ವಲ್ಪ ಉಳ್ಳವನು ತನ್ನ ಅಂತಸ್ತಿಗೆ ಧಕ್ಕೆ ಬಂದರೂ ಇಲ್ಲದವನ ಪಕ್ಕ ನಿಲ್ಲದಿದ್ದರೆ ಸಭೆ ಒಡೆಯುತ್ತಿತ್ತು. ಪೀಟರ್ ಓಕ್ಸ್ ಎಂಬ ಬೈಬಲ್ ವಿದ್ವಾಂಸ ಈ ಪತ್ರವನ್ನು ಹೀಗೆ ಆರ್ಥಿಕ ಸಂಕಷ್ಟದ ಹಿನ್ನೆಲೆಯಲ್ಲಿ ಓದಿದ್ದಾನೆ. ಆ ಓದಿನಲ್ಲಿ ದೀನಭಾವ ಎಂಬುದು ಮನಸ್ಸಿನ ಒಂದು ಹದವಾಗಿ ಮಾತ್ರ ನಿಲ್ಲದೆ, ರೊಟ್ಟಿಯ ಪಾಲಿನವರೆಗೆ ಇಳಿಯುತ್ತದೆ. ಇದು ಒಪ್ಪತಕ್ಕ ಓದು.

ಸುತ್ತಲಿನ ಸಮಾಜವನ್ನು ಪೌಲ ಸೊಟ್ಟಾದ, ಹಾದಿತಪ್ಪಿದ ತಲೆಮಾರು ಎನ್ನುತ್ತಾನೆ. ಆ ಬಣ್ಣನೆ ಮೋಶೆಯ ಹಾಡಿನಿಂದ, ಧರ್ಮೋಪದೇಶಕಾಂಡದ 32ನೆಯ ಅಧ್ಯಾಯದಿಂದ ಬಂದದ್ದು. ಅಲ್ಲಿ ಮೋಶೆ ಅದನ್ನು ಹೇಳಿದ್ದು ಪರರಿಗಲ್ಲ, ಅರಣ್ಯದಲ್ಲಿ ಗೊಣಗಿದ ಸ್ವಂತ ಜನಕ್ಕೆ. ಪೌಲನೂ ಆ ಮಾತಿಗೆ ಸ್ವಲ್ಪ ಮುಂಚೆ ಗೊಣಗಾಟ, ತಕರಾರುಗಳನ್ನು ಬಿಡಿ ಎಂದಿದ್ದಾನೆ. ಹೊರಗಿನ ಸೊಟ್ಟು ಒಳಕ್ಕೂ ಬರಬಲ್ಲದೆಂಬ ಎಚ್ಚರ ಆ ಉಲ್ಲೇಖದಲ್ಲಿ ಅಡಗಿದೆ. ಊರು ಬಿಟ್ಟು ಹೋಗಿ ಎಂದು ಅವನು ಹೇಳಲಿಲ್ಲ. ಅದೇ ಜನರ ನಡುವೆ ಆಕಾಶದ ನಕ್ಷತ್ರಗಳಂತೆ ಇರಿ ಎಂಬುದು ಅವನ ಬಯಕೆ. ಮೂರನೆಯ ಅಧ್ಯಾಯದಲ್ಲಿ ಬರುವ ಪೊಲಿಟ್ಯೂಮ ಎಂಬ ಪದಕ್ಕೂ ಇದೇ ನಂಟು. ಅದರ ಅರ್ಥ ಪೌರತ್ವ, ಪೌರ ಸಮುದಾಯ. ದೂರದ ರೋಮಿನ ಕಾನೂನಿನಂತೆ ಮಕೆದೋನ್ಯದಲ್ಲಿ ಬದುಕುವುದು ಎಂದರೇನೆಂದು ಈ ವಸಾಹತಿನವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಪೌರತ್ವ ಪರಲೋಕದಲ್ಲಿದೆ ಎಂಬ ಪೌಲನ ಮಾತನ್ನು ಅವರು ಆ ಅರ್ಥದಲ್ಲೇ ಹಿಡಿದಿರಬೇಕು: ಇರುವುದು ಇಲ್ಲೇ, ನಡೆಯುವುದು ಅಲ್ಲಿಯ ರೀತಿಯಲ್ಲಿ.

ಮುಂದಿನ ಅರ್ಧ ಶತಮಾನದ ಬಗ್ಗೆ ದಾಖಲೆಗಳು ಬಹಳ ಕಡಿಮೆ. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸನನ್ನು ರೋಮಿನ ಕಾಡುಮೃಗಗಳಿಗೆ ಆಹಾರ ಮಾಡಲು ಸಿಪಾಯಿಗಳು ಎಗ್ನಾಟಿಯಾ ದಾರಿಯಲ್ಲಿ ಕರೆದೊಯ್ದರು. ಫಿಲಿಪ್ಪಿಯ ಸಭೆ ಅವನನ್ನೂ ಸಂಗಡದ ಕೈದಿಗಳನ್ನೂ ಬರಮಾಡಿಕೊಂಡು, ಸ್ವಲ್ಪ ದೂರ ಜೊತೆಗೆ ನಡೆದು ಬೀಳ್ಕೊಟ್ಟಿತು. ಸಂಕೋಲೆ ಹಾಕಿದವನ ಜೊತೆ ಹಾಡುಹಗಲಲ್ಲಿ ನಡೆಯಲು ಧೈರ್ಯ ಬೇಕು. ಆಮೇಲೆ ಅವರು ಸ್ಮುರ್ನದ ಬಿಷಪ್ ಪಾಲಿಕಾರ್ಪನಿಗೆ ಕಾಗದ ಬರೆದು, ಇಗ್ನೇಷಿಯಸನ ಪತ್ರಗಳು ಇದ್ದರೆ ಕಳಿಸಿಕೊಡಿ ಎಂದು ಕೇಳಿದರು. ಪಾಲಿಕಾರ್ಪ ತನ್ನಲ್ಲಿದ್ದುದನ್ನೆಲ್ಲ ಕೂಡಿಸಿ ಕಳಿಸಿದ. ಆ ಪತ್ರಗಳು ಒಂದೆಡೆ ಸೇರಿ ಇಂದಿನವರೆಗೆ ಉಳಿದುದರಲ್ಲಿ ಈ ಚಿಕ್ಕ ಸಭೆಯ ಕೋರಿಕೆಗೂ ಪಾಲಿದೆ.

ಪಾಲಿಕಾರ್ಪ ಜೊತೆಗಿಟ್ಟ ಪತ್ರವೂ ಉಳಿದಿದೆ. ಅದರಲ್ಲಿ ನೋವಿನ ಸುದ್ದಿಯೊಂದಿದೆ. ಫಿಲಿಪ್ಪಿಯ ಹಿರಿಯರಲ್ಲೊಬ್ಬನಾದ ವಾಲೆನ್ಸ್ ಮತ್ತು ಅವನ ಹೆಂಡತಿ ಹಣದಾಸೆಗೆ ಬಿದ್ದಿದ್ದರು. ಏನು ಮಾಡಿದರೆಂಬ ವಿವರವಿಲ್ಲ. ಸಭೆಯ ಹಣಕ್ಕೆ ಕೈಹಾಕಿದನೋ, ಹುದ್ದೆಯನ್ನು ಲಾಭಕ್ಕೆ ಬಳಸಿದನೋ ಗೊತ್ತಾಗುವಂತಿಲ್ಲ. ತನಗೆ ಕೊಟ್ಟ ಸ್ಥಾನ ಎಂಥದೆಂದೇ ಅವನಿಗೆ ತಿಳಿಯಲಿಲ್ಲವಲ್ಲ ಎಂಬುದು ಪಾಲಿಕಾರ್ಪನ ಕೊರಗು. ಕಾಣಿಕೆಗೆ ಹೆಸರಾದ ಸಭೆಗೆ, ಅದೂ ಹಿರಿಯನಿಂದಲೇ, ಇಂಥ ಪೆಟ್ಟು. ಪಾಲಿಕಾರ್ಪ ಅದನ್ನು ಮುಚ್ಚಿಹಾಕಲಿಲ್ಲ; ಹೆಸರು ಹೇಳಿಯೇ ಬರೆದ. ಹಣದಾಸೆಯಿಂದ ದೂರವಿರಿ ಎಂದು ಎಲ್ಲರನ್ನೂ ಎಚ್ಚರಿಸಿದ. ಆದರೆ ತಪ್ಪಿದವರ ವಿಷಯದಲ್ಲಿ ಮಿತಿ ಮೀರಬೇಡಿ, ಅವರನ್ನು ಶತ್ರುಗಳೆಂದು ಕಾಣಬೇಡಿ, ಕಾಯಿಲೆ ಬಿದ್ದ ಅವಯವಗಳೆಂದು ತಿಳಿದು ಮರಳಿ ಕರೆತನ್ನಿ, ಹಾಗೆ ಮಾಡಿದರೆ ಇಡೀ ದೇಹ ಉಳಿಯುತ್ತದೆ ಎಂಬ ಭಾವದ ಬುದ್ಧಿವಾದ ಹೇಳಿದ. ಯುವೊದ್ಯ, ಸಂತುಕೆಯರ ವಿಷಯದಲ್ಲಿ ಪೌಲ ಹಿಡಿದ ದಾರಿಯೇ ಅರ್ಧ ಶತಮಾನದ ಮೇಲೆ ಇನ್ನೂ ದೊಡ್ಡ ತಪ್ಪಿಗೆ ಅನ್ವಯವಾದದ್ದು ಇಲ್ಲಿ ಕಾಣುತ್ತದೆ. ವಾಲೆನ್ಸ್ ಮರಳಿ ಬಂದನೇ ಎಂಬುದಕ್ಕೆ ದಾಖಲೆಯಿಲ್ಲ. ಅದೇ ಪತ್ರದಲ್ಲಿ ಅರಸರಿಗಾಗಿ, ಅಧಿಕಾರಿಗಳಿಗಾಗಿ, ಹಿಂಸಿಸುವವರಿಗಾಗಿ ಕೂಡ ಪ್ರಾರ್ಥಿಸಿರಿ ಎಂಬ ಮಾತಿದೆ. ಪಾಲಿಕಾರ್ಪನೇ ಮುಂದೆ, 155ರ ಸುಮಾರಿಗೆ, ಸ್ಮುರ್ನದ ಮೈದಾನದಲ್ಲಿ ಹತನಾದ.

ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದಿಂದ ಗಾಳಿ ಬದಲಾಯಿತು. ಹೊಳೆದಡದಲ್ಲಿ, ಮನೆಗಳಲ್ಲಿ ಸೇರುತ್ತಿದ್ದ ಸಭೆ ಪೇಟೆಚೌಕದ ಪಕ್ಕಕ್ಕೇ ಬಂತು. ಅಲ್ಲಿ ಪೌಲನ ಹೆಸರಿನಲ್ಲಿ ಕಟ್ಟಿದ ಚಿಕ್ಕ ದೇವಾಲಯದ ನೆಲದ ಮೊಸಾಯಿಕ್ ಹಾಸಿನಲ್ಲಿ, ಬಿಷಪ್ ಪೊರ್ಫುರಿಯೊಸ್ ಅದನ್ನು ಮಾಡಿಸಿದನೆಂಬ ಬರಹವಿದೆ. ಇದೇ ಪೊರ್ಫುರಿಯೊಸ್ 342-43ರ ಸೆರ್ದಿಕಾ ಮಹಾಸಭೆಯಲ್ಲಿ ಭಾಗವಹಿಸಿದ್ದ. ಸ್ವಲ್ಪ ಕಾಲದ ಮೇಲೆ ಆ ದೇವಾಲಯವನ್ನು ಮುಚ್ಚಿ ಅದರ ಮೇಲೆ ಎಂಟು ಮೂಲೆಯ ಭವ್ಯ ದೇವಾಲಯ ಎದ್ದಿತು. ಐದು, ಆರನೆಯ ಶತಮಾನಗಳಲ್ಲಿ ಇನ್ನೂ ದೊಡ್ಡ ಬಸಿಲಿಕಾಗಳು ಕಟ್ಟಲ್ಪಟ್ಟವು. ಅಧಿಪತಿಗಳು ಬೆತ್ತದ ಆಳುಗಳೊಡನೆ ನಡೆದಾಡಿದ ಚೌಕಕ್ಕಿಂತ ಎತ್ತರದಲ್ಲಿ ಬಿಷಪ್ಪರ ಪೀಠಗಳು ನಿಂತವು. ಎತ್ತರದ ಈ ಜಾಗ ಸಭೆಗೆ ಹೊಸ ಪರೀಕ್ಷೆಯೇ ಆಗಿದ್ದಿರಬೇಕು. ಅದನ್ನು ಹೇಗೆ ಎದುರಿಸಿತು ಎಂದು ತಿಳಿಸುವ ಪತ್ರ ಯಾವುದೂ ಉಳಿದಿಲ್ಲ.

ಏಳನೆಯ ಶತಮಾನದ ಭೂಕಂಪದಲ್ಲಿ ಪಟ್ಟಣ ನೆಲಕಚ್ಚಿತು. ಬೈಜಾಂಟಿಯಮ್ಮಿನವರು ಗುಡ್ಡದ ಮೇಲೆ ಕೋಟೆ ಕಟ್ಟಿ ಕೆಲಕಾಲ ಕಾವಲಿಟ್ಟರು. ತುರ್ಕರ ಕಾಲಕ್ಕೆ ಊರು ಬರಿದಾಯಿತು, ಕಲ್ಲುಗಳನ್ನು ಸುತ್ತಲಿನವರು ಕಿತ್ತೊಯ್ದರು. 1914ರಲ್ಲಿ ಫ್ರೆಂಚ್ ಪುರಾತತ್ವಜ್ಞರು ಅಗೆತ ಶುರುಮಾಡಿದರು. 2016ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಪೌಲನ ಸೆರೆಮನೆ ಎಂದು ಯಾತ್ರಿಕರಿಗೆ ತೋರಿಸುವ ಗವಿ ನಿಜಕ್ಕೂ ರೋಮನ್ನರ ನೀರಿನ ತೊಟ್ಟಿ. ಅಗೆತದವರು ಎಂಟು ಮೂಲೆಯ ದೇವಾಲಯದ ನೆಲವನ್ನು ಬಿಡಿಸಿದಾಗ ಪೊರ್ಫುರಿಯೊಸನ ಮೊಸಾಯಿಕ್ ಕೆಳಗಿನಿಂದ ಹೊರಬಂತು. ಊರ ಪಶ್ಚಿಮಕ್ಕೆ, ಲುದ್ಯಳ ಹೆಸರನ್ನೇ ಹೊತ್ತ ಹಳ್ಳಿಯ ಬಳಿ, ಹೊಳೆ ಇನ್ನೂ ಹರಿಯುತ್ತಿದೆ. ಅದರ ದಂಡೆಗೆ ಕಲ್ಲಿನ ಮೆಟ್ಟಿಲುಗಳನ್ನು ಕಟ್ಟಿದ್ದಾರೆ. ದೀಕ್ಷಾಸ್ನಾನ ಪಡೆಯುವವರು ಅವುಗಳ ಮೇಲೆ ಕಾಲಿಟ್ಟು ನೀರಿಗೆ ಇಳಿಯುತ್ತಾರೆ.